ಮೊದಲನೆಯದಾ, ಎರಡನೆಯದಾ?

ಮಾರುಕಟ್ಟೆಗೆ ತಿರುಗುವ ರಸ್ತೆಯ ಮೂಲೆಯಲ್ಲಿ, ಬೀಗ ರಿಪೇರಿಯವನ ಗೂಡಿಗೂ ಔಷಧಿ ಅಂಗಡಿಗೂ ನಡುವೆ ಒತ್ತಿಕೊಂಡಿರುವ ಕನ್ನಡಕದ ಅಂಗಡಿಯ ಯಜಮಾನ ಡಾಕ್ಟರಲ್ಲ. ಆದರೂ ಸುತ್ತಮುತ್ತಲಿನವರೆಲ್ಲ ಅವನನ್ನು ಕನ್ನಡಕದ ಡಾಕ್ಟ್ರು ಎಂದೇ ಕರೆಯುತ್ತಾರೆ. "ಅಯ್ಯೋ, ನಾನು ಡಾಕ್ಟ್ರಲ್ಲ, ಕಣ್ಣು ನೋಡಿ ಕನ್ನಡಕ ಮಾಡಿಕೊಡೋನು ಅಷ್ಟೆ" ಎಂದು ಅವನು ತಪ್ಪದೆ ತಿದ್ದುತ್ತಾನೆ. ಆದರೆ ತಿದ್ದುವ ಧ್ವನಿ ಹೇಗಿರುತ್ತದೆಂದರೆ, ಕೇಳಿದವರು ಮರುಕ್ಷಣವೇ "ಸರಿ ಡಾಕ್ಟ್ರೇ" ಅನ್ನುತ್ತಾರೆ. ಅವನಿಗೆ ಬೇಕಾದದ್ದೂ ಅದೇ ಎಂದು ಅವನ ಹೆಂಡತಿಯ ಅಭಿಪ್ರಾಯ.

ಮನೆಯಲ್ಲಿ ಅವನು ಪುಟ್ಟ. ಐವತ್ತು ದಾಟಿ, ಮುಂದಲೆ ಬೋಳಾಗಿ, ಹೊಟ್ಟೆ ಬೆಲ್ಟಿನ ಮೇಲಿಂದ ಇಣುಕತೊಡಗಿದ ಮೇಲೂ ಅವನ ಅಕ್ಕ ಕರೆಯುವುದು ಹಾಗೆಯೇ, ಅದೂ ಗಿರಾಕಿಗಳ ಎದುರಿಗೇ. ನಾವೂ ಪುಟ್ಟ ಎಂದೇ ಕರೆಯೋಣ. ಈ ಕಥೆಯಲ್ಲಿ ಅವನು ಒಂದಿಷ್ಟು ಚಿಕ್ಕವನಾಗುವುದು ಅಗತ್ಯವಿದೆ.

ಪುಟ್ಟನ ನಿಜವಾದ ಬಂಡವಾಳ ಅವನ ಧ್ವನಿ. ಕೆಲಸ ಕಲಿತದ್ದು ಒಬ್ಬ ಮುದುಕ ಯಜಮಾನನ ಬಳಿ. ಆ ಮುದುಕ ಕಣ್ಣು ಪರೀಕ್ಷೆ ಮಾಡುವುದನ್ನು ನೋಡಿದರೆ ಎಂಥವನಿಗೂ ಆಕಳಿಕೆ ಬರುತ್ತಿತ್ತು. ಗಿರಾಕಿಯ ಮೂಗಿನ ಮೇಲೆ ಪರೀಕ್ಷೆಯ ಫ್ರೇಮ್ ಕೂರಿಸಿ, ಒಂದು ಲೆನ್ಸ್ ಹಾಕಿ ತೆಗೆದು ಇನ್ನೊಂದು ಹಾಕಿ, "ಮೊದಲನೆಯದಾ. ಎರಡನೆಯದಾ." ಎಂದು ಕೇಳುತ್ತಿದ್ದ. ಏರಿಲ್ಲ, ಇಳಿವಿಲ್ಲ, ನಿಲ್ದಾಣದಲ್ಲಿ ರೈಲಿನ ವೇಳೆ ಓದಿ ಹೇಳಿದ ಹಾಗೆ. ಹೊರಗೆ ಬೆಂಚಿನ ಮೇಲೆ ಕಾಯುವವರು ತೂಕಡಿಸುತ್ತಿದ್ದರು. ಇಪ್ಪತ್ತರ ಹರೆಯದ ಪುಟ್ಟನಿಗೆ ನಾಚಿಕೆಯಾಗುತ್ತಿತ್ತು. ನನ್ನದೇ ಅಂಗಡಿ ಇಟ್ಟಾಗ ಹೀಗೆ ಹೆಣ ಎಣಿಸುವವನ ಹಾಗೆ ಕೇಳುವುದಿಲ್ಲ ಎಂದು ಅವನು ಆಗಲೇ ತೀರ್ಮಾನಿಸಿದ್ದ.

ಕೇಳಲೂ ಇಲ್ಲ. ಪುಟ್ಟ ಕೇಳುವ ಚಂದವೇ ಬೇರೆ. "ಮೊದಲನೆಯದಾ..." ಎಂದು ತಗ್ಗಿದ ದನಿಯಲ್ಲಿ, ಕೈಯಲ್ಲಿದ್ದ ಚೀಲವನ್ನು ನೆಲಕ್ಕಿಟ್ಟ ಹಾಗೆ. ಆಮೇಲೆ "ಎರಡನೆಯದಾ?" ಎಂದು ಮೇಲೆ ಎತ್ತಿ, ಕಿಟಕಿ ತೆರೆದ ಹಾಗೆ. ಕೊನೆಗೆ ಜೇನು ಬೆರೆಸಿ, "ಈಗ ಚೆನ್ನಾಗಿದೆ, ಅಲ್ವಾ?" ಗಿರಾಕಿಗಳು ಅರಳಿಬಿಡುತ್ತಿದ್ದರು. ಬೇರೆಡೆ ಅರ್ಧ ತಾಸು ಹಿಡಿಯುವ ಪರೀಕ್ಷೆ ಇವನಲ್ಲಿ ಒಂದು ಲೋಟ ಟೀ ಆರುವುದರೊಳಗೆ ಮುಗಿಯುತ್ತಿತ್ತು. "ಇಷ್ಟು ಬೇಗ ಹೇಗೆ ಕಂಡುಹಿಡೀತೀರಿ ಡಾಕ್ಟ್ರೇ?" ಎಂದರೆ ಅವನು ನಕ್ಕು, "ಅನುಭವ" ಅನ್ನುತ್ತಿದ್ದ. ಈಚೆಗೆ ಒಂದು ಯಂತ್ರವನ್ನೂ ತಂದಿದ್ದ. ಗಲ್ಲ ಊರಿ ಒಳಗೆ ನೋಡಿದರೆ ಸಾಕು, ಕಣ್ಣಿನ ಪವರ್ ಇಷ್ಟು, ಲೆನ್ಸನ್ನು ತಿರುಗಿಸಿ ಕೂರಿಸಬೇಕಾದ ಓರೆ ಇಷ್ಟು ಎಂದು ಅದೇ ಚೀಟಿ ಕಕ್ಕುತ್ತಿತ್ತು. ಆ ಅಂಕಿಯನ್ನು ಗಿರಾಕಿಯ ಬಾಯಿಂದ ಖಾತ್ರಿ ಮಾಡಿಕೊಳ್ಳುವುದಷ್ಟೇ ಪುಟ್ಟನಿಗೆ ಉಳಿದ ಕೆಲಸ. ಖಾತ್ರಿ ತಪ್ಪದೆ ಆಗುತ್ತಿತ್ತು. ಅದರಲ್ಲೇನೋ ಹುಳುಕಿದೆ ಎಂದು ಅವನಿಗೆ ಒಂದು ದಿನವೂ ಅನ್ನಿಸಲಿಲ್ಲ.

ಅನ್ನಿಸುವಂತೆ ಮಾಡಿದ್ದು ಅಕ್ಕನ ಕನ್ನಡಕ.

ಅಕ್ಕ ಎರಡು ಬೀದಿ ಆಚೆಗಿನ ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಕಾಲರ್ ಮೆಷಿನ್ನಿನ ಮೇಲೆ ಕೂತವಳು. ಅಂಗಿಯಲ್ಲಿ ಎಲ್ಲರ ಕಣ್ಣಿಗೂ ಮೊದಲು ಬೀಳುವುದು ಕಾಲರ್. ಅದರ ಅಂಚಿನ ಹೊಲಿಗೆ ಒಂದು ದಾರದಷ್ಟು ಆಚೀಚೆ ಹೋದರೂ ಅಂಗಿ ವಾಪಸ್. ಅದಕ್ಕೇ ಅಲ್ಲಿ ಕೂರಿಸುವುದು ಪಳಗಿದ ಕೈಗಳನ್ನು ಮಾತ್ರ. ಅಕ್ಕನ ಕೈ ಎಷ್ಟು ಪಳಗಿತ್ತೆಂದರೆ, ಹೊಸಬರಿಗೆ ಮಾದರಿ ತೋರಿಸಬೇಕಾದಾಗ ಮೇಲ್ವಿಚಾರಕಿ ಅವಳ ಬುಟ್ಟಿಗೇ ಕೈ ಹಾಕುತ್ತಿದ್ದಳು. ಅಕ್ಕನಿಗೆ ಮದುವೆಯಾಗಿ, ಮಕ್ಕಳಾಗಿ, ಗಂಡ ತೀರಿಹೋಗಿ, ಮಕ್ಕಳು ತಮ್ಮ ತಮ್ಮ ದಾರಿ ಹಿಡಿದರೂ ಆ ಮೆಷಿನ್ ಮಾತ್ರ ಬದಲಾಗಿರಲಿಲ್ಲ. ಅಲ್ಲಿ ಕೂತಾಗ ಅವಳ ಮುಖದಲ್ಲಿ ಒಂದು ಗತ್ತು ಬರುತ್ತಿತ್ತು. ಮನೆಯಲ್ಲಿ ಯಾರೂ ಅದನ್ನು ಕಂಡವರಲ್ಲ.

ಹಳೆಯ ಕನ್ನಡಕ ಸಾಲದಾಗಿ ಪುಟ್ಟ ಹೊಸದು ಮಾಡಿಕೊಟ್ಟ. ವಾರ ಕಳೆಯುವಷ್ಟರಲ್ಲಿ ಅಕ್ಕ ಬಂದಳು.

"ಪುಟ್ಟ, ಹೊಲಿಗೆ ಗೆರೆ ಒಂದಿರೋದು ಎರಡಾಗಿ ಕಾಣ್ತಿದೆ ಕಣೋ. ತಲೆನೋವು ಬೇರೆ."

ಪುಟ್ಟ ಕೂರಿಸಿ ಮತ್ತೆ ನೋಡಿದ. ಯಂತ್ರ ಅದೇ ಅಂಕಿ ಕೊಟ್ಟಿತು. "ಮೊದಲನೆಯದಾ... ಎರಡನೆಯದಾ?" ಅಕ್ಕ ಅದೇ ಉತ್ತರ ಕೊಟ್ಟಳು. "ಸರಿಯಾಗೇ ಇದೆ ಅಕ್ಕ, ಅಭ್ಯಾಸ ಆಗುತ್ತೆ" ಎಂದು ಕಳಿಸಿದ. ಅಭ್ಯಾಸವಾಗಲಿಲ್ಲ. ಎರಡನೆಯ ಸಲ ಬಂದಳು, ಮೂರನೆಯ ಸಲವೂ ಬಂದಳು. ಆ ಹೊತ್ತಿಗೆ ಅವಳ ಬುಟ್ಟಿಯಿಂದ ಕಾಲರ್‌ಗಳು ವಾಪಸ್ ಬರತೊಡಗಿದ್ದವು. ಮೇಲ್ವಿಚಾರಕಿ ಒಳ್ಳೆಯವಳೇ, ಆದರೆ ಅವಳಿಗೂ ಮೇಲಿನವರಿದ್ದರು. "ಬರೋ ಸೋಮವಾರದಿಂದ ದಾರ ಕತ್ತರಿಸೋ ಮೇಜಿಗೆ ಬಂದುಬಿಡಿ ಅಕ್ಕ. ಆರಾಮಾಗಿ ಕೂತು ಮಾಡೋ ಕೆಲಸ" ಎಂದಿದ್ದಳು. ಆ ಮೇಜೆಂದರೆ ಏನೆಂದು ಅಕ್ಕನಿಗೆ ಗೊತ್ತಿತ್ತು. ಕಣ್ಣು ಮುಗಿದವರನ್ನು ಕೂರಿಸುವ ಜಾಗ ಅದು. ಅಲ್ಲಿಗೆ ಹೋದವರು ಮತ್ತೆ ಮೆಷಿನ್ನಿಗೆ ಬಂದದ್ದನ್ನು ಅವಳು ನೋಡಿರಲಿಲ್ಲ.

ಮೂರನೆಯ ಸಲ ಪುಟ್ಟನ ತಾಳ್ಮೆ ತಪ್ಪಿತು. ಹೊರಗೆ ನಾಲ್ಕು ಜನ ಕಾಯುತ್ತಿದ್ದರು, ಅವರ ಕಿವಿಯೂ ಒಳಗೇ ಇತ್ತು.

"ಈಗ ಚೆನ್ನಾಗಿದೆ ಅಲ್ವಾ ಅಕ್ಕ?"

"ಹೂಂ, ಚೆನ್ನಾಗಿದೆ."

"ನೋಡು, ಇಲ್ಲಿ ಕೂತಾಗ ಚೆನ್ನಾಗಿದೆ ಅಂತೀಯ. ಅಲ್ಲಿಗೆ ಹೋದ್ರೆ ಕಾಣಲ್ಲ ಅಂತೀಯ. ಯಂತ್ರ ಸುಳ್ಳು ಹೇಳುತ್ತಾ? ತೊಂದರೆ ಕಣ್ಣಲ್ಲಿಲ್ಲ ಅಕ್ಕ, ನಿನ್ನ ಮನಸ್ಸಲ್ಲಿದೆ."

ಅಕ್ಕ ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಡಬ್ಬಿಯಲ್ಲಿಟ್ಟಳು. "ನನಗೇ ವಯಸ್ಸಾಯ್ತು ಬಿಡು ಪುಟ್ಟ. ನಿನ್ನ ಕನ್ನಡಕ ಸರಿಯಾಗೇ ಇದೆ" ಎಂದಳು. ಹೊರಗೆ ಕಾಯುತ್ತಿದ್ದವರಿಗೂ ಕೇಳಿಸುವಂತೆ, ಸ್ವಲ್ಪ ಗಟ್ಟಿಯಾಗಿಯೇ ಹೇಳಿದಳು. ತಮ್ಮನ ಮರ್ಯಾದೆ ಉಳಿಸುವ ಕೆಲಸವನ್ನು ಅವಳು ಯಾವತ್ತೂ ಬಾಕಿ ಇಟ್ಟವಳಲ್ಲ.

ಆ ಮಾತು ಪುಟ್ಟನನ್ನು ಮುಳ್ಳಿನ ಹಾಗೆ ಚುಚ್ಚಿತು. ಅದನ್ನು ಮರೆಯಲು ಅವನು ಮಾಡಿದ್ದು ಒಂದೇ ಉಪಾಯ: ಇನ್ನಷ್ಟು ಮಾತಾಡಿದ. ಬೆಳಗಿನಿಂದ ಸಂಜೆಯವರೆಗೆ ಗಿರಾಕಿಗಳ ಜೊತೆ, ಬೀಗದವನ ಜೊತೆ, ಫೋನಿನಲ್ಲಿ ಲೆನ್ಸ್ ಕಳಿಸುವವರ ಜೊತೆ. ಬುಧವಾರ ಬೆಳಿಗ್ಗೆ ಎದ್ದು ಹೆಂಡತಿಯನ್ನು ಕರೆಯಲು ಬಾಯಿ ತೆರೆದರೆ ಗಂಟಲಿನಿಂದ ಬಂದದ್ದು ಎಣ್ಣೆ ಕಾಣದ ಬಾಗಿಲಿನ ಸದ್ದು.

ಗಂಟಲಿನ ಡಾಕ್ಟರಮ್ಮ, ಆಕೆಯೂ ಅವನ ಗಿರಾಕಿಯೇ, ಒಳಗೆಲ್ಲ ಇಣುಕಿ ನೋಡಿ ತಲೆಯಾಡಿಸಿದರು. "ಊದಿಕೊಂಡಿದೆ. ಒಂದು ವಾರ ಬಾಯಿಗೆ ಬೀಗ. ಪಿಸುಮಾತೂ ಬೇಡ, ಅದು ಇನ್ನೂ ಕೆಟ್ಟದ್ದು. ಹಟ ಮಾಡಿದ್ರೆ ಈ ಧ್ವನಿ ಮತ್ತೆ ಬರುತ್ತೆ ಅಂತ ನಾನು ಭರವಸೆ ಕೊಡಲ್ಲ."

ಹೆಂಡತಿ ಮನೆಗೆ ಬರುವವರೆಗೂ ಗಂಭೀರವಾಗಿದ್ದು, ಬಾಗಿಲು ಹಾಕಿಕೊಂಡ ಮೇಲೆ ಸೋಫಾದ ಮೇಲೆ ಕೂತು ನಗಲು ಶುರುಮಾಡಿದಳು. "ಕ್ಷಮಿಸಿ ರೀ, ತಡೆಯೋಕಾಗ್ತಿಲ್ಲ. ಮದುವೆ ಆದಾಗಿಂದ ಒಂದು ಮಾತನ್ನೂ ಪೂರ್ತಿ ಮಾಡೋಕೆ ಬಿಟ್ಟಿಲ್ಲ ನೀವು. ಈ ವಾರ ಎಲ್ಲ ಬಾಕಿ ತೀರಿಸ್ಕೋತೀನಿ." ಪುಟ್ಟ ಗುರ್ ಎಂದು ನೋಡಿದ. ಆ ನೋಟವನ್ನೂ ಅವಳು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಅಂಗಡಿ ಮುಚ್ಚಲು ಅವನು ಒಪ್ಪಲಿಲ್ಲ. ಗಲ್ಲಾದ ಹಿಂದೆ ಕೂತು ಹಣ, ಚೀಟಿ, ಫ್ರೇಮ್‌ಗಳನ್ನು ನೋಡಿಕೊಳ್ಳುವವಳು ಹೆಂಡತಿಯೇ, ಆದ್ದರಿಂದ ಹೊರಗಿನ ಮಾತಿಗೆ ತೊಂದರೆಯಿರಲಿಲ್ಲ. ಪರೀಕ್ಷೆಯ ಕೋಣೆಗೆ ಇಬ್ಬರೂ ಸೇರಿ ಒಂದು ದಾರಿ ಹುಡುಕಿದರು. ಒಳಗೆ ಬರುವ ಪ್ರತಿಯೊಬ್ಬರಿಗೂ ಅವಳು ಬಾಗಿಲಲ್ಲೇ ಹೇಳುತ್ತಿದ್ದಳು: "ಡಾಕ್ಟ್ರು ಈ ವಾರ ಮಾತಾಡಲ್ಲ. ಪೆನ್ಸಿಲಲ್ಲಿ ಒಂದು ಸಲ ಬಡಿದ್ರೆ ಮೊದಲನೆಯದು. ಎರಡು ಸಲ ಬಡಿದ್ರೆ ಎರಡನೆಯದು. ಯಾವುದರಲ್ಲಿ ಅಕ್ಷರ ಚೆನ್ನಾಗಿ ಕಾಣುತ್ತೋ ಅದನ್ನ ಹೇಳಿ, ಅಷ್ಟೆ."

ಮೊದಲು ಬಂದು ಕೂತವರು ನಿವೃತ್ತ ಬಸ್ ಡ್ರೈವರ್. ಹೆಗಲು ಅಗಲ, ಮೀಸೆ ಗಟ್ಟಿ, ಮಾತು ಕಡಿಮೆ. ಪುಟ್ಟ ದೀಪ ಆರಿಸಿ, ಅಕ್ಷರದ ಹಲಗೆಯ ದೀಪ ಹಾಕಿದ. ಫ್ರೇಮ್ ಕೂರಿಸಿ ಒಂದು ಲೆನ್ಸ್ ಹಿಡಿದ. ಲೆನ್ಸ್ ಪೆಟ್ಟಿಗೆಯ ಮರದ ಅಂಚಿಗೆ ಪೆನ್ಸಿಲಿನಿಂದ ಬಡಿದ. ಟಕ್. ಲೆನ್ಸ್ ತಿರುಗಿಸಿದ. ಟಕ್ ಟಕ್.

ಡ್ರೈವರ್ ಸುಮ್ಮನೆ ಕೂತರು.

ಮತ್ತೆ ತೋರಿಸಿದ. ಟಕ್. ಟಕ್ ಟಕ್.

"ಸರ್, ಯಾವುದು ಸರಿ?"

ನೀವೇ ಹೇಳಬೇಕು ಎಂದು ಪುಟ್ಟ ಕೈಸನ್ನೆ ಮಾಡಿದ.

"ಅದು ಸರಿ. ನೀವು ಯಾವುದು ಅಂದ್ಕೊಂಡಿದ್ದೀರಿ ಅಂತ."

ಪುಟ್ಟನಿಗೆ ನಗು ಬಂತು. ನಗಲಿಕ್ಕೂ ಬೀಗವಿತ್ತಲ್ಲ, ಒಳಗೇ ನಕ್ಕ. ಆಮೇಲೆ ಆ ನಗು ಅಲ್ಲೇ ಎಲ್ಲೋ ಸಿಕ್ಕಿಕೊಂಡಿತು. ನಾನು ಅಂದುಕೊಂಡದ್ದು ಇವರಿಗೆ ಯಾಕೆ ಬೇಕು?

ಇಲ್ಲಿ ಆ ಕೋಣೆಯ ವಿಷಯ ಒಂದಿಷ್ಟು ಹೇಳಬೇಕು. ಅಕ್ಷರಗಳನ್ನು ದೂರದಿಂದ ಓದಿಸಬೇಕಾದಷ್ಟು ಉದ್ದ ಆ ಕೋಣೆಗಿರಲಿಲ್ಲ. ಇಕ್ಕಟ್ಟಿನ ಅಂಗಡಿಗಳಲ್ಲಿ ಅದಕ್ಕೊಂದು ಉಪಾಯವಿದೆ. ಅಕ್ಷರದ ಹಲಗೆಯನ್ನು ಗಿರಾಕಿಯ ತಲೆಯ ಹಿಂದೆ, ಮೇಲ್ಗಡೆ ನೇತುಹಾಕಿ, ಎದುರಿನ ಗೋಡೆಗೆ ಕನ್ನಡಿ ಹಾಕುತ್ತಾರೆ. ಗಿರಾಕಿ ಕನ್ನಡಿಯಲ್ಲಿ ಓದುತ್ತಾನೆ, ದೂರ ಎರಡರಷ್ಟಾಗುತ್ತದೆ. ಹಲಗೆಯ ಮೇಲಿನ ಅಕ್ಷರಗಳು ತಿರುಗುಮುರುಗಾಗಿ ಅಚ್ಚಾಗಿರುತ್ತವೆ, ಕನ್ನಡಿಯಲ್ಲಿ ನೆಟ್ಟಗಾಗುತ್ತವೆ. ಪುಟ್ಟ ಆ ಕನ್ನಡಿಯನ್ನು ದಿನವೂ ಒರೆಸುತ್ತಿದ್ದ. ಆದರೆ ಅದರಲ್ಲಿ ಅಕ್ಷರಗಳನ್ನು ಬಿಟ್ಟು ಬೇರೇನಾದರೂ ಕಾಣುತ್ತದೆ ಎನ್ನುವುದು ಅವನ ತಲೆಗೆ ಹೊಳೆದಿರಲಿಲ್ಲ.

ಡ್ರೈವರ್ ಯಾಕೆ ಉತ್ತರ ಕೊಡುತ್ತಿಲ್ಲ ಎಂದು ಪುಟ್ಟ ಅವರ ನೋಟ ಹೋದ ಕಡೆ ನೋಡಿದ. ಅವರು ಅಕ್ಷರ ನೋಡುತ್ತಿರಲಿಲ್ಲ. ಕನ್ನಡಿಯ ಮೂಲೆಯಲ್ಲಿ, ಅಕ್ಷರಗಳ ಪಕ್ಕದಲ್ಲಿ, ಹಲಗೆಯ ಬೆಳಕು ಬಿದ್ದು ಒಂದು ಮುಖ ಕಾಣುತ್ತಿತ್ತು. ಹುಬ್ಬು ಹಣೆಗೇರಿದ, ಗಲ್ಲ ಮುಂದೆ ಚಾಚಿದ, ತುಟಿ ಅರ್ಧ ತೆರೆದ ಮುಖ. ಮಗು ಮೊದಲ ಹೆಜ್ಜೆ ಇಡುವುದನ್ನು ಕಾಯುವವರ ಮುಖ ಹಾಗಿರುತ್ತದೆ. ಯಾರಪ್ಪ ಇವನು ಎಂದು ಪುಟ್ಟನಿಗೆ ಒಂದು ಕ್ಷಣ ಅನ್ನಿಸಿತು. ತನ್ನದೇ ಮುಖ ಎಂದು ತಿಳಿಯಲು ಅವನಿಗೆ ಮತ್ತೊಂದು ಕ್ಷಣ ಬೇಕಾಯಿತು.

ಹುಬ್ಬು ಇಳಿಸಿದ. ಮೊದಲ ಲೆನ್ಸ್ ತೋರಿಸಿ ಬಡಿದ. ಮುಖ ಸುಮ್ಮನಿತ್ತು. ಎರಡನೆಯದಕ್ಕೆ ತಿರುಗಿಸಿದ, ಯಂತ್ರ ಸರಿಯೆಂದಿದ್ದ ಕಡೆಗೆ. ಯಾರೂ ಅಪ್ಪಣೆ ಕೊಡದೆಯೇ ಕನ್ನಡಿಯಲ್ಲಿ ಹುಬ್ಬುಗಳು ಮೇಲೇರಿದವು. ಮಫ್ಲರ್ ಸುತ್ತಿದ ಗಂಟಲೊಳಗೆ ಏನೋ ಎದ್ದು ತುಟಿಯವರೆಗೆ ಬಂದು ನಿಂತಿತು. ಧ್ವನಿಯಿಲ್ಲ, ಆದರೆ ಧ್ವನಿ ಏರುವ ದಾರಿ ಹಾಗೇ ಇತ್ತು.

"ಎರಡನೆಯದು!" ಎಂದರು ಡ್ರೈವರ್, ಬದುಕಿದೆ ಎಂಬ ಹಾಗೆ.

ಇದು ಕಾಕತಾಳೀಯ ಇರಬಹುದು ಎಂದು ಪುಟ್ಟ ಅಂದುಕೊಂಡ. ಪರೀಕ್ಷಿಸಿಯೇ ಬಿಡೋಣ ಎಂದು, ಗೊತ್ತಿದ್ದೂ ಗೊತ್ತಿದ್ದೂ ಅಕ್ಷರ ಮಸುಕಾಗಿಸುವ ಲೆನ್ಸ್ ಒಂದನ್ನು ತೆಗೆದು, ಅದನ್ನು ಹಿಡಿದಾಗ ಹುಬ್ಬೇರಿಸಿದ, ಗಲ್ಲ ಮುಂದೆ ತಂದ.

"ಹಾಂ, ಇದು ಇನ್ನೂ ಚೆನ್ನಾಗಿದೆ ಸರ್."

ಪುಟ್ಟ ಲೆನ್ಸ್ ಕೆಳಗಿಟ್ಟ. ಮಳೆ, ಮಂಜು, ಇಕ್ಕಟ್ಟಿನ ತಿರುವು ಎನ್ನದೆ ಬಸ್ಸು ತುಂಬ ಜನರನ್ನು ತಮ್ಮ ಎರಡು ಕಣ್ಣುಗಳ ಮೇಲೆ ನಂಬಿಕೆಯಿಟ್ಟು ದಾಟಿಸಿದ ಮನುಷ್ಯ ಇವರು. ರಸ್ತೆಯಲ್ಲಿ ಯಾರ ಮಾತನ್ನೂ ಕೇಳದ ಆ ಕಣ್ಣುಗಳು ಈ ಕುರ್ಚಿಯಲ್ಲಿ ಕೂತ ಕೂಡಲೇ ಪುಟ್ಟನ ಹುಬ್ಬಿಗೆ ಶರಣಾಗಿದ್ದವು. ತನ್ನ ಕಣ್ಣಿಗೆ ಕಂಡದ್ದನ್ನು ಬಿಟ್ಟು ಇನ್ನೊಬ್ಬನ ಮುಖದಲ್ಲಿ ಕಂಡದ್ದನ್ನು ಹೇಳುವಷ್ಟು ನಂಬಿಕೆ! ಪುಟ್ಟನಿಗೆ ಮೈ ಜುಮ್ಮೆಂದಿತು. ಹೆಮ್ಮೆಯಲ್ಲ ಅದು, ಪೂರ್ತಿ ಹೆದರಿಕೆಯೂ ಅಲ್ಲ. ಮನೆಯೆಂದುಕೊಂಡು ಇಷ್ಟು ವರ್ಷ ವಾಸವಿದ್ದ ಜಾಗದಲ್ಲಿ ಒಂದು ಬಾಗಿಲು ತಳ್ಳಿದಾಗ, ಅದರ ಹಿಂದೆ ಇನ್ನೊಂದು ಇಡೀ ಮನೆ ಇದ್ದದ್ದು ಕಂಡಂತಾಯಿತು. ಆ ಮನೆಯಲ್ಲಿ ಇವನದೇ ಮುಖದ ಒಬ್ಬ ಕೂತು, ಇವನಿಗೆ ಹೇಳದೆ, ಇಷ್ಟು ಕಾಲ ಇವನ ಕೆಲಸ ಮಾಡುತ್ತಿದ್ದ.

ಅವನು ಸ್ಟೂಲನ್ನು ಎತ್ತಿ ಕುರ್ಚಿಯ ಹಿಂದೆ, ಕನ್ನಡಿಗೆ ಕಾಣದ ಕತ್ತಲಲ್ಲಿ ಇಟ್ಟುಕೊಂಡ. ಹಿಂದಿನಿಂದ ಕೈ ಚಾಚಿ ಲೆನ್ಸ್ ಹಿಡಿದ. ಟಕ್. ಟಕ್ ಟಕ್. ಎರಡೂ ಒಂದೇ ತೂಕದ ಸದ್ದು, ಪೆನ್ಸಿಲಿಗೆ ಆಸೆಯಿಲ್ಲವಲ್ಲ.

ಡ್ರೈವರ್ ಕನ್ನಡಿಯಲ್ಲಿ ಮುಖ ಹುಡುಕಿದರು, ಸಿಗಲಿಲ್ಲ. ಕುರ್ಚಿಯಲ್ಲಿ ಒಮ್ಮೆ ಅಲುಗಾಡಿದರು. ಆಮೇಲೆ ಅವರ ಹೆಗಲು ನಿಧಾನವಾಗಿ ಇಳಿಯಿತು, ಕುತ್ತಿಗೆ ಸ್ವಲ್ಪ ಮುಂದೆ ಬಂತು. ಅವರು ನೋಡತೊಡಗಿದರು. ಒಬ್ಬ ಮನುಷ್ಯ ನೋಡುವುದು ಹೀಗಿರುತ್ತದೆ ಎಂದು ಪುಟ್ಟನಿಗೆ ಅವತ್ತೇ ತಿಳಿದದ್ದು. ಆ ಮೌನಕ್ಕೆ ಒಂದು ಭಾರವಿತ್ತು. ಆತುರದಿಂದ ಅದನ್ನು ಮುರಿಯಲು ಅವನಿಗೆ ಧ್ವನಿಯೇ ಇಲ್ಲದಿದ್ದುದರಿಂದ ಅದು ಉಳಿಯಿತು.

"ಸರ್..." ಎಂದರು ಕೊನೆಗೆ, ಅಳುಕುತ್ತ. "ನನಗೆ ಎರಡೂ ಒಂದೇ ಥರ ಕಾಣ್ತಿದೆ. ತಪ್ಪಾ?"

ಕಣ್ಣಿನ ಓರೆ ನೋಡುವ ಪರೀಕ್ಷೆ ಹೋಗಿ ಮುಟ್ಟಬೇಕಾದದ್ದೇ ಅಲ್ಲಿಗೆ. ಲೆನ್ಸನ್ನು ಹೀಗೆ ತಿರುಗಿಸಿದರೂ ಹಾಗೆ ತಿರುಗಿಸಿದರೂ ಒಂದೇ ಎಂದು ಗಿರಾಕಿ ಹೇಳಿದಾಗ ಓರೆ ಸರಿಯಾಗಿ ಕೂತಿದೆ ಎಂದರ್ಥ. ಕಲಿಯುವಾಗ ಮೊದಲ ದಿನವೇ ಹೇಳಿಕೊಟ್ಟ ಪಾಠ. ಈ ಮಾತನ್ನು ತನ್ನ ಅಂಗಡಿಯಲ್ಲಿ ಕೊನೆಯ ಸಲ ಕೇಳಿದ್ದು ಯಾವಾಗ ಎಂದು ಪುಟ್ಟ ನೆನಪಿಸಿಕೊಳ್ಳಲು ನೋಡಿದ. ನೆನಪಾಗಲಿಲ್ಲ. ಮುದುಕ ಯಜಮಾನನ ಕೋಣೆಯಲ್ಲಿ ಮಾತ್ರ ಅದು ದಿನವೂ ಕೇಳಿಸುತ್ತಿತ್ತು. "ಎರಡೂ ಒಂದೇ." "ಎರಡೂ ಒಂದೇ ಯಜಮಾನ್ರೇ." ಏರಿಳಿವಿಲ್ಲದ ಆ ಒಣ ದನಿ! ಮುದುಕ ಬೇಕೆಂದೇ ಹಾಗೆ ಕೇಳುತ್ತಿದ್ದನೋ, ಹುಟ್ಟು ಸ್ವಭಾವವೋ, ಈಗ ಕೇಳಲು ಅವನಿಲ್ಲ. ಪುಟ್ಟ ಮಾತ್ರ ಆ ಕತ್ತಲಲ್ಲಿ ಕೂತು, ತಾನು ನಾಚಿಕೆಪಟ್ಟುಕೊಂಡ ಆ ಮನುಷ್ಯನಿಗೆ ಮನಸ್ಸಿನಲ್ಲೇ ಕೈಮುಗಿದ.

ಅವತ್ತಿಡೀ ಅವನು ಹಿಂದೆಯೇ ಕೂತ. ಬಂದವರು ಮೊದಲು ಒದ್ದಾಡುತ್ತಿದ್ದರು. ಶಾಲೆಯ ಟೀಚರೊಬ್ಬರಂತೂ "ಎರಡನೆಯದು ಅಂತ ಹೇಳ್ಬೇಕಾ?" ಎಂದು ಕೇಳಿಯೇಬಿಟ್ಟರು. ದಿನವೆಲ್ಲ ಮಕ್ಕಳಿಂದ ಸರಿ ಉತ್ತರ ಹೊರಡಿಸುವವರಿಗೂ ಇಲ್ಲಿ ಸರಿ ಉತ್ತರದ ಚಿಂತೆ. ಆಮೇಲೆ ಒಬ್ಬೊಬ್ಬರೂ ಸುಮ್ಮನಾಗಿ, ತಮ್ಮೊಳಗೆ ಇಳಿದು, ತಮ್ಮ ಕಣ್ಣನ್ನು ತಾವೇ ಕೇಳಿ ಹೇಳುತ್ತಿದ್ದರು. ಪರೀಕ್ಷೆ ಮೂರು ಪಟ್ಟು ನಿಧಾನವಾಯಿತು. ಹೊರಗೆ ಬೆಂಚಿನ ಮೇಲೆ ಇಬ್ಬರು ತೂಕಡಿಸುತ್ತಿದ್ದುದನ್ನು ಕಂಡು ಅವನಿಗೆ ಎಲ್ಲಿಲ್ಲದ ಸಂತೋಷವಾಯಿತು. ಬಹಳಷ್ಟು ಜನರ ಉತ್ತರ ಯಂತ್ರದ ಅಂಕಿಗೇ ಬಂದು ನಿಂತಿತು, ಅದು ಬೇರೆ ಮಾತು. ಎಲ್ಲರದೂ ಅಲ್ಲ.

ಎಲ್ಲರದೂ ಅಲ್ಲ ಎಂದು ಮನಸ್ಸು ಹೇಳಿದ ಕೂಡಲೇ ಅವನ ಕಣ್ಣ ಮುಂದೆ ನಿಂತದ್ದು ಅಕ್ಕ. ಸೆರಗಿನಿಂದ ಕನ್ನಡಕ ಒರೆಸುತ್ತಿದ್ದ ಅಕ್ಕ.

ಬಿಲ್ಲಿನ ಹಿಂದೆ "ಅಕ್ಕನನ್ನು ಕರೆದುಕೊಂಡು ಬಾ, ಈಗಲೇ" ಎಂದು ಬರೆದು ಹೆಂಡತಿಯ ಮುಂದೆ ಹಿಡಿದ. ಅವಳು ಅವನ ಮುಖ ನೋಡಿದಳು. ತಮಾಷೆಯ ಮಾತೊಂದು ಬಾಯಿಗೆ ಬಂದಿರಬೇಕು, ನುಂಗಿಕೊಂಡು ಚಪ್ಪಲಿ ಮೆಟ್ಟಿ ಹೊರಟಳು.

ಅಕ್ಕ ಮರುದಿನ ಊಟದ ಬಿಡುವಿನಲ್ಲಿ ಬಂದಳು. ಬೆರಳಿಗೆ ಇನ್ನೂ ದಾರದ ಎಳೆ ಅಂಟಿತ್ತು. ಕನ್ನಡಕ ಹಾಕಿಕೊಂಡಿರಲಿಲ್ಲ. "ಗಂಟಲಿಗೆ ಏನಾಯ್ತೋ? ಬಿಸಿನೀರು ಕುಡೀತಿದ್ದೀಯಾ?" ಎಂದು ಶುರುಮಾಡಿದಳು. ಪುಟ್ಟ ಅವಳ ಕೈಹಿಡಿದು ಯಂತ್ರದ ಮುಂದೆ ಕೂರಿಸಿದ. ಅಕ್ಕ ಗಲ್ಲ ಊರಿದಳು.

ಮಾತಾಡಲಾರದವನಿಗೆ ನೋಡುವುದಷ್ಟೇ ಉಳಿದಿರುತ್ತದೆ. ಹಿಂದಿನ ಮೂರು ಸಲವೂ ಅವನು ಈ ಹೊತ್ತಿನಲ್ಲಿ ಹರಟುತ್ತಿದ್ದ. ಈಗ ನೋಡಿದ. ಅಕ್ಕನ ತಲೆ ಎಡಕ್ಕೆ ವಾಲಿತ್ತು. ಬಹಳವಲ್ಲ, ಅಂಗಿಯ ಕಾಲರ್ ಅಂಚನ್ನು ಸೂಜಿಯ ಕೆಳಗೆ ಓಡಿಸುವಾಗ ಎಷ್ಟು ವಾಲಬೇಕೋ ಅಷ್ಟು. ಒಂದೇ ಮೆಷಿನ್ನಿನ ಮುಂದೆ ಒಂದು ಆಯುಷ್ಯ ಕೂತು ಕುತ್ತಿಗೆ ಆ ಓರೆಯನ್ನೇ ನೆಟ್ಟಗೆ ಅಂದುಕೊಂಡಿತ್ತು. ಯಂತ್ರ ವಾಲಿದ ತಲೆಯ ಕಣ್ಣನ್ನು ಅಳೆದು ವಾಲಿದ ಅಂಕಿ ಕೊಟ್ಟಿತ್ತು. ಯಂತ್ರವನ್ನು ಪುಟ್ಟ ನಂಬಿದ್ದ. ಪುಟ್ಟನನ್ನು ಅಕ್ಕ ನಂಬಿದ್ದಳು.

ಅವನು ಎರಡು ಅಂಗೈಗಳಲ್ಲಿ ಅಕ್ಕನ ತಲೆಯನ್ನು ಹಿಡಿದು ಮೆಲ್ಲಗೆ ನೆಟ್ಟಗಾಗಿಸಿದ. ಅವಳ ಕೂದಲು ಇಷ್ಟು ತೆಳ್ಳಗಾಗಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಹೊಸ ಅಂಕಿ ಬಂತು. ಅದನ್ನೂ ಅವನು ಪೂರ್ತಿ ನಂಬಲಿಲ್ಲ. ಕತ್ತಲ ಕೋಣೆಗೆ ಕರೆದೊಯ್ದು, ಫ್ರೇಮ್ ಹಾಕಿ, ಹಿಂದೆ ಹೋಗಿ ಕೂತ.

ಟಕ್. ಟಕ್ ಟಕ್.

"ಪುಟ್ಟ, ಎಲ್ಲಿ ಹೋದೆ?"

ಅವನು ಅವಳ ಹೆಗಲು ಮುಟ್ಟಿದ. ಇಲ್ಲೇ ಇದ್ದೇನೆ. ಮತ್ತೆ ಬಡಿದ.

ಅಕ್ಕ ಕನ್ನಡಿಯತ್ತ ನೋಡಿದಳು. ಹೊರಗೆ ಬೀಗದವನ ಅರ ಗರಗರ ಎನ್ನುತ್ತಿತ್ತು. "ಮೊದಲನೆಯದು" ಎಂದಳು, ಸಣ್ಣ ದನಿಯಲ್ಲಿ. ಅವನು ಲೆನ್ಸ್ ಒಂದಿಷ್ಟು ತಿರುಗಿಸಿ ಮತ್ತೆ ಕೇಳಿದ. "ಮೊದಲನೆಯದೇ." ಮತ್ತೆ. ಹಳೆಯ ಅಂಕಿಯಿಂದ ದೂರ ಸರಿಯುತ್ತ ಸರಿಯುತ್ತ ಲೆನ್ಸ್ ಒಂದು ಕಡೆ ಬಂದು ನಿಂತಿತು. ಅಲ್ಲಿ ಅಕ್ಕ ತಡೆದಳು.

"ಈಗ ಎರಡೂ ಒಂದೇ ಕಣೋ."

ಆಮೇಲೆ ಅವಳು ಯಾರೂ ಹೇಳದೆಯೇ ಚೀಲಕ್ಕೆ ಕೈ ಹಾಕಿ, ವಾಪಸ್ ಬಂದ ಕಾಲರ್ ಒಂದನ್ನು ತೆಗೆದಳು. ಪುಟ್ಟ ಹತ್ತಿರದ ನೋಟದ ಲೆನ್ಸ್ ಸೇರಿಸಿ ದೀಪ ಹಾಕಿದ. ಆ ವಿಕಾರವಾದ ಫ್ರೇಮನ್ನು ಮೂಗಿನ ಮೇಲೆ ಹೊತ್ತುಕೊಂಡೇ ಅವಳು ಕಾಲರ್‌ನ ಅಂಚಿನ ಉದ್ದಕ್ಕೂ ಬೆರಳು ಓಡಿಸಿದಳು. "ಅಯ್ಯೋ! ಇಲ್ಲಿ ನೋಡು ಹೇಗೆ ಸೊಟ್ಟಗೆ ಹೋಗಿದೆ. ಇಂಥದ್ದನ್ನ ಕಳಿಸಿದ್ನಾ ನಾನು? ಥೂ." ಬೈಯುತ್ತಿದ್ದಳು. ಬೈಯುತ್ತ ಬೈಯುತ್ತ ಅವಳ ಮುಖಕ್ಕೆ ಗತ್ತು ಬಂತು. ಇಷ್ಟು ವರ್ಷದಲ್ಲಿ ಪುಟ್ಟ ಅದನ್ನು ಕಂಡದ್ದು ಅದೇ ಮೊದಲು.

ಅವನು ಅವಳ ಮುಂದೆ ಸ್ಟೂಲ್ ಎಳೆದು ಕೂತು, ಎರಡೂ ಕೈ ಬಿಚ್ಚಿ, ಮೂರು ಬೆರಳು ತೋರಿಸಿದ. ಮೂರು ಸಲ ಯಾಕೆ ಹೌದು ಅಂದೆ? ಅಕ್ಕನಿಗೆ ಅರ್ಥವಾಯಿತು. ಮಾತು ಬರುವ ಮೊದಲೇ ಅವನ ಅಳು ಯಾವುದಕ್ಕೆ ಎಂದು ತಿಳಿಯುತ್ತಿದ್ದವಳು ಅವಳು.

"ನಾನು ಅಕ್ಷರ ಎಲ್ಲಿ ನೋಡ್ತಿದ್ದೆ? ನಿನ್ನ ಮುಖ ನೋಡ್ತಿದ್ದೆ. ಚಿಕ್ಕವನಿದ್ದಾಗ ಪಾಠ ಒಪ್ಪಿಸೋಕೆ ನನ್ನ ಹತ್ರ ಬರ್ತಿದ್ದೆ, ನೆನಪಿದೆಯಾ? ಅಮ್ಮ ಕೆಲಸಕ್ಕೆ ಹೋಗಿರೋಳು. ಪುಸ್ತಕ ನನ್ನ ಕೈಗೆ ಕೊಟ್ಟು ಗಡಗಡ ಹೇಳಿ, 'ಸರಿ ಅಲ್ವಾ ಅಕ್ಕ?' ಅಂತಿದ್ದೆ. ನನಗೆಲ್ಲಿ ಓದೋಕೆ ಬರ್ತಿತ್ತು? ನಿನ್ನ ಮುಖ ನೋಡಿ ಸರಿ ಅಂತಿದ್ದೆ. ಅಷ್ಟಕ್ಕೇ ಕುಣೀತಿದ್ದೆ ನೀನು." ಅವಳು ನಕ್ಕಳು. "ಈಗಲೂ ಹಾಗೇ ಕೇಳ್ತೀಯ. ಅದೇ ಮುಖ. ಇಲ್ಲ ಅಂತ ಹೇಗೆ ಹೇಳ್ಲಿ?"

ಊರು ಮೆಚ್ಚಿದ ಆ ಧ್ವನಿ, ಆ ಏರು, ಆ ಜೇನು ಎಲ್ಲಿಂದ ಬಂದದ್ದೆಂದು ಪುಟ್ಟನಿಗೆ ಈಗ ಕಂಡಿತು. ಅದನ್ನು ಅವನು ಅಂಗಡಿಗಾಗಿ ಕಟ್ಟಿಕೊಂಡಿರಲಿಲ್ಲ. ಓದು ಬರದ ಒಬ್ಬ ಹುಡುಗಿಯ ಮುಂದೆ ನಿಂತು, ಅವಳ ಒಂದು 'ಸರಿ'ಗಾಗಿ ಹುಬ್ಬೇರಿಸಿಕೊಂಡು ಕಾಯುತ್ತಿದ್ದ ಹುಡುಗನ ಧ್ವನಿ ಅದು. ಆ ಹುಡುಗ ಎಲ್ಲರನ್ನೂ ಅದನ್ನೇ ಕೇಳುತ್ತ ಬಂದಿದ್ದ. ಎಲ್ಲರೂ ಪಾಪ, ಸರಿ ಅನ್ನುತ್ತ ಬಂದಿದ್ದರು.

ಹೊಸ ಲೆನ್ಸ್ ಶುಕ್ರವಾರ ಬಂತು. ಪುಟ್ಟ ಅಂಚು ತಾನೇ ಉಜ್ಜಿ, ತಾನೇ ಕೂರಿಸಿ, ಸಂಜೆ ಅಕ್ಕನ ಮನೆಗೆ ಕೊಟ್ಟುಬಂದ. ಶನಿವಾರ ಮೇಲ್ವಿಚಾರಕಿ ಅಕ್ಕನ ಬುಟ್ಟಿಯ ಮುಂದೆ ನಿಂತಳಂತೆ. ಒಂದು ಕಾಲರ್ ತೆಗೆದು ಅಂಚಿನ ಮೇಲೆ ಉಗುರು ಓಡಿಸಿದಳಂತೆ, ಇನ್ನೊಂದನ್ನು ಬೆಳಕಿಗೆ ಹಿಡಿದಳಂತೆ. ಆಮೇಲೆ ಏನೂ ಹೇಳದೆ ಎರಡನ್ನೂ ಒಯ್ದು ಹೊಸ ಹುಡುಗಿಯರ ಮುಂದೆ ಮಾದರಿಗೆ ಇಟ್ಟಳಂತೆ. ಸೋಮವಾರ ಅಕ್ಕ ಕೂತದ್ದು ತನ್ನ ಮೆಷಿನ್ನಿನ ಮುಂದೆಯೇ.

ಬುಧವಾರ ಡಾಕ್ಟರಮ್ಮ ಗಂಟಲು ನೋಡಿ, "ಮಾತಾಡಬಹುದು, ಆದರೆ ಜಿಪುಣನ ಹಾಗೆ" ಎಂದರು. "ಆಯ್ತು, ನನ್ನ ಹಬ್ಬ ಮುಗೀತು" ಎಂದು ಹೆಂಡತಿ ನಿಟ್ಟುಸಿರಿಟ್ಟಳು. ಮೊದಲ ಮಾತು ಯಾರಿಗೆ ಎಂದು ಪುಟ್ಟ ಆಗಲೇ ಗೊತ್ತುಮಾಡಿಕೊಂಡಿದ್ದ. ಕ್ಷಮಿಸು ಅನ್ನಬೇಕು ಎಂದು ಮನಸ್ಸಿನಲ್ಲಿ ಉರುಹೊಡೆದೂ ಇದ್ದ.

ಸಂಜೆ ಅಕ್ಕ ಕೆಲಸ ಮುಗಿಸಿ ಅಂಗಡಿಗೆ ಬಂದಳು, ಕನ್ನಡಕ ಮೂಗಿನ ಮೇಲಿತ್ತು. ಪುಟ್ಟ ಎದುರಿಗೆ ನಿಂತ. ಹಳೆಯ ರಾಗ ಗಂಟಲಿನಲ್ಲಿ ಎದ್ದಿತು, ಹುಬ್ಬು ಹೊರಟೇಬಿಟ್ಟಿತ್ತು. ಅವನು ಅದನ್ನು ನೋಡಿದ. ಒಳಗಿನಿಂದಲೇ, ಕನ್ನಡಿಯ ಸಹಾಯವಿಲ್ಲದೆ. ತಡೆದು, ಮುದುಕ ಯಜಮಾನನ ಒಣ ದನಿಯಲ್ಲಿ ಕೇಳಿದ.

"ಕನ್ನಡಕ ಹೇಗಿದೆ ಅಕ್ಕ."

ಅಕ್ಕ ಅವನ ಮುಖ ಹುಡುಕಿದಳು. ಅಲ್ಲಿ ಏನೂ ಬರೆದಿರಲಿಲ್ಲ. ಕನ್ನಡಕ ತೆಗೆದಳು, ತಿರುಗಿಸಿ ನೋಡಿದಳು, ಮತ್ತೆ ಹಾಕಿಕೊಂಡು ರಸ್ತೆಯ ಕಡೆ ನೋಡಿದಳು. ಪುಟ್ಟ ಕಾದ.

"ಕಾಣೋದು ಚೆನ್ನಾಗಿ ಕಾಣುತ್ತೆ" ಎಂದಳು ಅಕ್ಕ ನಿಧಾನವಾಗಿ. "ಆದ್ರೆ ಮೂಗಿನ ಮೇಲೆ ಒತ್ತುತ್ತೆ ಕಣೋ. ಬಲಗಡೆ. ಮತ್ತೆ ಈ ಫ್ರೇಮಿನ ಬಣ್ಣ ನನಗೆ ಮೊದಲಿಂದಲೂ ಇಷ್ಟ ಇಲ್ಲ."

ಅವನು ಎದುರಿಗೆ ನಿಂತು ಕೇಳಿದಾಗ ಅಕ್ಕ 'ಸರಿ' ಎನ್ನದೆ ಕೊಟ್ಟ ಮೊದಲ ಉತ್ತರ ಅದು. ಪುಟ್ಟನ ಕಣ್ಣು ತುಂಬಿಬಂತು, ಉರುಹೊಡೆದದ್ದೆಲ್ಲ ಮರೆತುಹೋಯಿತು.

"ಲೇ, ಮೂಗು ಒತ್ತುತ್ತೆ ಅಂದ್ರೆ ಅಳ್ತಾರೇನೋ?" ಎಂದು ಅಕ್ಕ ಗಾಬರಿಯಾದಳು.

ಅವನು ತಲೆಯಾಡಿಸಿ, ಅವಳ ಮೂಗಿನ ಮೇಲಿಂದ ಕನ್ನಡಕ ತೆಗೆದುಕೊಂಡು, ಸಣ್ಣ ಇಕ್ಕಳ ಹುಡುಕಲು ಕೂತ.